ಉಳ್ಳಾಗಡ್ಡಿ ಕಲ್ಲಿನ ದಂಡೆ

ನಮ್ಮದು ಸುಣ್ಣ ಸುಡುವ ಮನೆ. ಭಟ್ಟಿ ಹಿತ್ತಲಲ್ಲೇ ಇದ್ದುದರಿಂದ ನಮ್ಮಲ್ಲಿ ಬೆಳ್ಳಗಾಗದೆ ಉಳಿದ ವಸ್ತು ಒಂದೂ ಇರಲಿಲ್ಲ. ಪಡಸಾಲೆಯ ತೊಲೆಗಳು, ಗೂಟಕ್ಕೆ ಸಿಗಿಸಿದ ಅಪ್ಪನ ರುಮಾಲು, ನೀರಿನ ಹರವಿಯ ಕಂಠ, ಕಟ್ಟಿದಲ್ಲೇ ಮೆಲುಕು ಹಾಕುವ ಎಮ್ಮೆಯ ರೆಪ್ಪೆಗೂದಲು ಕೂಡ ಬಿಳಿ. ಮಣ್ಣಿನ ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲು ಕೋಲಿನಂತೆ ಇಳಿದಾಗ ಅದರೊಳಗೆ ಸುಣ್ಣದ ಧೂಳು ಸುತ್ತುವುದನ್ನು ನೋಡುತ್ತ ನಾನು ಮಗ್ಗಿ ಬಾಯಿಪಾಠ ಮಾಡುತ್ತಿದ್ದೆ. ಸಾಲೆಯಲ್ಲಿ ಹುಡುಗಿಯರು ನನ್ನ ಜಡೆ ಝಾಡಿಸಿ, ಧೂಳು ಎದ್ದರೆ, "ಸುಣ್ಣದ ನೀಲಿ ಬಂದ್ಲು" ಎಂದು ನೀಲಾ ಎಂಬ ನನ್ನ ಹೆಸರು ಎಳೆದು ನಗುತ್ತಿದ್ದರು. ನನಗದು ಬೈಗುಳ ಅನ್ನಿಸುತ್ತಿರಲಿಲ್ಲ. ಯುಗಾದಿಗೂ ದಸರೆಗೂ ಊರಿನ ಗೋಡೆಗಳೆಲ್ಲ ಬೆಳ್ಳಗಾಗುತ್ತಿದ್ದುದು ನಮ್ಮ ಹಿತ್ತಲಿನಿಂದ. ಹಿರಿಯರು ಎಲೆಗೆ ಹಚ್ಚುತ್ತಿದ್ದ ಚಿಟಿಕೆ ಸುಣ್ಣವೂ ನಮ್ಮದೇ. ಆದರೆ ಅವ್ವನ ಕೈಗಳನ್ನು ನೋಡಿದಾಗ ಮಾತ್ರ ಹೆಮ್ಮೆ ಹಿಂದೆ ಸರಿಯುತ್ತಿತ್ತು. ಸುಟ್ಟ ಕಲ್ಲಿಗೆ ನೀರು ಹಾಕಿ ಸುಣ್ಣ ಅರಳಿಸಿ ಅರಳಿಸಿ ಅವು ಬೇಸಿಗೆಯ ಎರೆಹೊಲದಂತೆ ಬಿರಿದಿದ್ದವು. ಆ ಕೈಗಳಲ್ಲೇ ಅವಳು ರೊಟ್ಟಿ ಬಡಿಯುತ್ತಿದ್ದಳು. ಖಾರ ಮುಟ್ಟಿದರೆ ಬಿರುಕಿನಲ್ಲಿ ಉರಿ ಏಳುತ್ತದೆಂದು ಚಟ್ನಿಯ ಹಿಂಡಿ ಕುಟ್ಟುವ ಕೆಲಸವನ್ನು ಆಯಿ, ಅಂದರೆ ಅಪ್ಪನ ಅವ್ವ, ಯಾರಿಗೂ ಹೇಳದೆ ತನ್ನ ಮೇಲೆ ಹಾಕಿಕೊಂಡಿದ್ದಳು. ಊಟವಾದ ಮೇಲೆ ಸೊಸೆಯ ಮುಂದೆ ಕುಸುಬಿ ಎಣ್ಣೆಯ ಬಟ್ಟಲು ಇಟ್ಟು ಸುಮ್ಮನೆ ಎದ್ದುಹೋಗುವಳು. ಅವರಿಬ್ಬರ ನಡುವೆ ಮಾತು ಕಡಿಮೆ. ಆ ಬಟ್ಟಲು ಒಂದು ದಿನವೂ ತಪ್ಪಲಿಲ್ಲ.

ಮನೆಯ ಯಜಮಾನಿಕೆ ಆಯಿಯದು. ಹೆಸರು ಸಂಗವ್ವ. ಆಳು ಗಿಡ್ಡ, ಸೊಂಟ ಸ್ವಲ್ಪ ಬಾಗಿತ್ತು, ದನಿ ಮಾತ್ರ ನೆಟ್ಟಗೆ. ಅಪ್ಪ ಮತ್ತು ಅವನ ತಮ್ಮ ಬಸಪ್ಪ ಕಾಕಾ ಚಕ್ಕಡಿಯಲ್ಲಿ ಕಲ್ಲು ಹೇರಿಕೊಂಡು ಬಂದರೆ, ಆಯಿ ಹಿತ್ತಲ ಬಾಗಿಲಲ್ಲಿ ಕುಳಿತು ಒಂದೊಂದನ್ನೂ ಸಣ್ಣ ಸುತ್ತಿಗೆಯಿಂದ ತಟ್ಟಿ, ಕಿವಿಗೊಟ್ಟು, ಎರಡು ಗುಂಪು ಮಾಡುತ್ತಿದ್ದಳು. ಕಂಚಿನಂತೆ ದನಿ ಕೊಟ್ಟ ಕಲ್ಲು ಭಟ್ಟಿಗೆ. ಮೊಂಡು ದನಿಯದು ಗೋಡೆಗೆ. ಬಾಗಲಕೋಟೆಯಿಂದ, ಗುಳೇದಗುಡ್ಡದಿಂದ ಬರುತ್ತಿದ್ದ, ಗೋಡೆ ಕಟ್ಟುವ ಗೌಂಡಿಗಳು ಸುಣ್ಣವನ್ನು ಮುಟ್ಟಿಯೂ ನೋಡುತ್ತಿರಲಿಲ್ಲ. "ಆಯಿ ಚಲೋ ಅಂದಾಳೇನು?" ಎಂದು ಕೇಳಿ ಚೀಲ ಹೇರಿಕೊಂಡು ಹೋಗುತ್ತಿದ್ದರು. ಮಧ್ಯಾಹ್ನ ಬಿಡುವಾದಾಗ ನನ್ನನ್ನು ಎದುರಿಗೆ ಕೂರಿಸಿಕೊಂಡು ಕಣ್ಣು ಮುಚ್ಚಲು ಹೇಳುತ್ತಿದ್ದಳು.

"ಈಗ ಬಡದಿದ್ದು ಯಾವುದು?"

"ಚಲೋ ಕಲ್ಲು."

"ಅವಸರ ಮಾಡಬ್ಯಾಡ. ದನಿ ಮುಗಿಯೂತನಕ ಕೇಳು, ಆಮ್ಯಾಲ ಹೇಳು."

ನಮ್ಮ ಹೊಲದ ಕೊನೆಯಲ್ಲಿ, ಘಟಪ್ರಭೆಯ ನೀರಿಗೆ ತಾಗಿಕೊಂಡು, ಒಂದು ಉದ್ದನೆಯ ಸುಣ್ಣಗಲ್ಲಿನ ದಂಡೆ ಇತ್ತು. ಅಷ್ಟು ಹತ್ತಿರ ಅಷ್ಟೊಂದು ಕಲ್ಲಿದ್ದೂ ನಾವು ಅದನ್ನು ಸುಡುತ್ತಿರಲಿಲ್ಲ. ಅದರೊಳಗೆ ಚಕಮಕಿ ಕಲ್ಲಿನ ಎಳೆಗಳಿದ್ದವು. ಭಟ್ಟಿಗೆ ಹಾಕಿದರೆ ಸಿಡಿದು ಹಾರುವುದು, ಉಳಿದದ್ದು ಅರಳದೆ ಗಡ್ಡೆಯಾಗಿ ಕೂರುವುದು. ಆ ಕಲ್ಲಿನ ಮೈ ತುಂಬ ಒಂದರೊಳಗೊಂದು ದುಂಡನೆಯ ಗೆರೆಗಳು, ಅಡ್ಡಕ್ಕೆ ಹೆಚ್ಚಿದ ಉಳ್ಳಾಗಡ್ಡಿಯ ಹಾಗೆ. ಕೆಲವು ಬಟ್ಟಲಿನಷ್ಟು, ಕೆಲವು ಜೋಳದ ಬುಟ್ಟಿಯಷ್ಟು. ಊರವರು ಅದಕ್ಕೆ ಉಳ್ಳಾಗಡ್ಡಿ ಕಲ್ಲು ಅನ್ನುತ್ತಿದ್ದರು, ನಮ್ಮ ಮನೆಯವರು ಕೆಟ್ಟ ಕಲ್ಲು ಅನ್ನುತ್ತಿದ್ದರು. ಹೆಂಗಸರು ಅದರ ಮೇಲೆ ಅರಿವೆ ಒಗೆಯುತ್ತಿದ್ದರು, ನಾವು ಅದರ ಉಬ್ಬುಗಳ ಮೇಲೆ ಕೂತು ನೀರಿಗೆ ಕಾಲು ಬಿಡುತ್ತಿದ್ದೆವು. ಅದಕ್ಕಿಂತ ಹೆಚ್ಚಿನ ಯೋಚನೆ ಯಾರಿಗೂ ಇರಲಿಲ್ಲ.

ನಾನು ಆರನೆಯ ಇಯತ್ತೆಯಲ್ಲಿದ್ದಾಗ, ಸುಗ್ಗಿಗೆ ಮುಂಚೆ, ಧಾರವಾಡದ ಕಡೆಯ ಕಾಲೇಜಿನಲ್ಲಿ ಕಲ್ಲು ಮಣ್ಣಿನ ಪಾಠ ಹೇಳುವ ಒಬ್ಬ ಅಕ್ಕೋರು ನಮ್ಮೂರಿಗೆ ಬಂದರು. ಒಬ್ಬರೇ. ಹೆಗಲಿಗೆ ಖಾಕಿ ಚೀಲ, ಕಾಲಿಗೆ ಗಂಡಸರ ಬೂಟು, ಉಟ್ಟದ್ದು ನೂಲಿನ ಸೀರೆ. ನದಿಯ ದಂಡೆಯ ಕಲ್ಲು ನೋಡಬೇಕು, ನಾಲ್ಕು ದಿನ ಇರಲು ಜಾಗ ಬೇಕು ಎಂದು ಕೇಳಿದರು. ಕಲ್ಲು ಅಂದ ಮೇಲೆ ಊರವರು ನಮ್ಮ ಮನೆಯನ್ನಲ್ಲದೆ ಇನ್ನಾವ ಮನೆಯನ್ನು ತೋರಿಸಿಯಾರು? ಆಯಿ ಅವರನ್ನು ಮೇಲಿನಿಂದ ಕೆಳಗೆ ನೋಡಿ ಮೊದಲು ಕೇಳಿದ್ದು ಒಂದೇ ಪ್ರಶ್ನೆ.

"ಸರಕಾರದಾಕಿ ಏನು? ಭಟ್ಟಿ ಬಂದ್ ಮಾಡಾಕ ಬಂದೀ?"

"ಇಲ್ರಿ ಆಯಿ. ನೋಡಾಕ ಬಂದೇನಿ. ನೋಡಿ ಬರಕೊಂಡು ಹೋಗ್ತೇನಿ."

"ಬರೇ ನೋಡಾಕ?"

"ಹೌದ್ರಿ."

ಬರೀ ನೋಡುವುದಕ್ಕಾಗಿ ಒಬ್ಬರು ಬಸ್ಸು ಹಿಡಿದು, ಹರದಾರಿ ನಡೆದು ಬರುತ್ತಾರೆ ಎನ್ನುವುದು ಆಯಿಗೆ ನಂಬಿಕೆಯಾಗಲಿಲ್ಲ. ಆದರೂ ನಡುಮನೆಯಲ್ಲಿ ಚಾಪೆ ಹಾಸಿಸಿದಳು. ಅಂದಿನ ಊಟ ನನಗೆ ನೆನಪಿದೆ: ಬಿಸಿ ರೊಟ್ಟಿ, ಮಡಕೆ ಕಾಳಿನ ಪಲ್ಯ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ. ಅಕ್ಕೋರು ನಮ್ಮ ಸಾಲಿನಲ್ಲೇ ನೆಲದ ಮೇಲೆ ಕೂತು ಉಂಡರು. ಅವ್ವನ ಕೈ ನೋಡಿ ಒಂದು ಗಳಿಗೆ ತುತ್ತು ನಿಲ್ಲಿಸಿದರು. ಕಾಕಾ ಮಾತ್ರ ಗಂಟುಮುಖ ಹಾಕಿಕೊಂಡಿದ್ದ. ಅವನಿಗೆ ಕಾರಣವಿತ್ತು. ರಸ್ತೆಗೆ ಖಡಿ, ಅಂದರೆ ಜಲ್ಲಿಕಲ್ಲು, ಹಾಕುವ ಗುತ್ತಿಗೆದಾರನೊಬ್ಬ ಆ ದಂಡೆಯ ಕಲ್ಲು ಕೇಳಿದ್ದ. ದಂಡೆ ಕೊಟ್ಟರೆ ಕಾಕಾನಿಗೆ ಕಲ್ಲು ಒಡೆಯುವ ಮಶೀನಿನಲ್ಲಿ ಆಳುಗಳನ್ನು ನೋಡಿಕೊಳ್ಳುವ ಮುಕಾದಮನ ಕೆಲಸ ಎಂದು ಮಾತಾಗಿತ್ತು. ಅಕ್ಕೋರು ಕೈ ತೊಳೆಯಲು ಹಿತ್ತಲಿಗೆ ಹೋದ ಕೂಡಲೇ ಅವನು ಶುರು ಮಾಡಿದ.

"ಯವ್ವಾ, ಶುಕ್ರವಾರ ಅಂವ ಬರ್ತಾನ. ಇಕಿ ಯಾರನ ಹಿಂದ ಹಚ್ಚಿಕೊಂಡು ಬಂದ್ರ ಕೆಲಸ ಕೆಡತೈತಿ."

"ಉಣ್ಣಾಕ ಬಂದಾಕಿನ್ನ ಹೊರಗ ಹಾಕಂತಿಯೇನು?"

"ನಾ ಹಂಗ ಅಂದಿಲ್ಲ. ವೈನಿ ಕೈ ನೋಡು. ನಿನ್ನ ಕೈ ನೋಡಕೋ. ಇನ್ನ ಎಷ್ಟು ದಿವಸ ಈ ಸುಣ್ಣದಾಗ ಸಾಯೂದು? ಕೆಟ್ಟ ಕಲ್ಲು ಅಂತ ನೀನ ಅಂದಿ. ಕೆಟ್ಟದ್ದು ಹೋಗಿ ಮನಿಗೆ ಒಳ್ಳೇದಾಗ್ಲಿ ಬಿಡು."

ಅವನ ವೈನಿ, ನನ್ನ ಅವ್ವ, ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಆಯಿ, "ಶುಕ್ರವಾರ ಬರ್ಲಿ, ನೋಡೂಣು" ಎಂದಳು. ಅದು ಹೂಂ ಎಂದಂತೆಯೇ ಇತ್ತು. ಕಾಕಾ ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ ಎನ್ನುವುದನ್ನು ಇವತ್ತಿಗೂ ನಾನು ಮರೆಯುವುದಿಲ್ಲ.

ಮರುದಿನ ಬೆಳಿಗ್ಗೆ ಅಕ್ಕೋರನ್ನು ದಂಡೆಗೆ ಕರೆದೊಯ್ಯುವ ಕೆಲಸ ನನಗೆ ಬಂತು. ಅವರ ಚೀಲದಲ್ಲಿ ಸುತ್ತಿಗೆ ಇತ್ತು. ತೆಗೆದು ಒಂದು ಪೊದೆಯ ಬುಡದಲ್ಲಿಟ್ಟರು. ಆಮೇಲೆ ನದಿಯಿಂದ ಬೊಗಸೆ ನೀರು ತಂದು ಕಲ್ಲಿನ ಮೇಲೆ ಹಾಕಿ, ಸೀರೆಯ ಪರಿವೆ ಇಲ್ಲದೆ ಹೊಟ್ಟೆ ಅಡಿ ಮಾಡಿ ಮಲಗಿಬಿಟ್ಟರು. ಒಣಗಿದಾಗ ಗೆರೆಗಳೂ ಮಾಸಿ ಒಂದೇ ಬೂದಿಬಣ್ಣವಾಗಿದ್ದ ಕಲ್ಲು ನೀರು ಬಿದ್ದ ಕೂಡಲೇ ತಿಳಿಗೆಂಪು, ನೀಲಿ, ಕಪ್ಪು ಗೆರೆಗಳಾಗಿ ಬಿಚ್ಚಿಕೊಂಡಿತು. ಎಷ್ಟೋ ವರ್ಷ ಅದರ ಮೇಲೆ ಕುಣಿದ ನಾನು ಅದನ್ನು ಹಾಗೆ ಕಂಡೇ ಇರಲಿಲ್ಲ. ಅವರು ನನ್ನ ಕೈಗೆ ಮಸೂರ ಕೊಟ್ಟರು. ನಾನೂ ಅವರ ಪಕ್ಕದಲ್ಲಿ ಮಲಗಿದೆ.

"ಇದು ಸಮುದ್ರದಾಗ ಬೆಳದದ್ದವಾ," ಅಂದರು.

"ನಮ್ಮೂರಾಗ ಸಮುದ್ರ ಎಲ್ಲೈತ್ರಿ?"

"ಇತ್ತು. ನೂರು ಕೋಟಿ ವರ್ಷಕ್ಕೂ ಹಿಂದ. ನಿಮ್ಮ ನೀರಿನ ಹರವಿ ಕೆಳಗ ಹಸರ ಹಾವಸಿ ಕಟ್ಟತೈತಲ್ಲ, ಹಂಗ ಸಣ್ಣ ಸಣ್ಣ ಜೀವ ನೀರಿನ ತಳದಾಗ ಹಾಸಿಕೊಂಡು ಇರತಿದ್ವು. ಮ್ಯಾಲ ಮಣ್ಣು ಬಂದು ಕುಂದರತಿತ್ತು. ಮಣ್ಣಾಗ ಮುಚ್ಚಿಹೋದ್ರ ಬೆಳಕು ಸಿಗಂಗಿಲ್ಲಲ್ಲ, ಮತ್ತ ಮ್ಯಾಲ ಬರತಿದ್ವು. ಮತ್ತ ಮಣ್ಣು, ಮತ್ತ ಮ್ಯಾಲ. ಈ ಒಂದೊಂದು ಗೆರಿ ಅಂದ್ರ ಒಂದೊಂದು ಸಲ ಅವು ಬೆಳಕಿಗೆ ಬಂದದ್ದು."

"ಆಗ ಮೀನ ಇದ್ವೇನ್ರಿ?"

"ಮೀನ ಇದ್ದಿಲ್ಲ. ಹುಳ ಇದ್ದಿಲ್ಲ. ಕಣ್ಣಿದ್ದ ಜೀವ ಒಂದೂ ಇದ್ದಿಲ್ಲ."

"ಹಂಗಾರ ಆ ಸಮುದ್ರ ಯಾರು ನೋಡಿದ್ರು?"

ಅವರು ನನ್ನನ್ನು ಒಂದು ಸಲ ದಿಟ್ಟಿಸಿ ನೋಡಿದರು. "ಯಾರೂ ನೋಡಿಲ್ಲ," ಅಂದರು, "ಒಳ್ಳೆ ಪ್ರಶ್ನಿ ಕೇಳಿದಿ." ಮನೆಯಲ್ಲಿ ಪ್ರಶ್ನೆ ಕೇಳಿದರೆ 'ಬಾಯಿ ಭಾಳ ಆತು' ಅನ್ನಿಸಿಕೊಂಡಿದ್ದವಳಿಗೆ ಅದು ಎಷ್ಟು ದೊಡ್ಡ ಮಾತಾಗಿತ್ತು! ಆ ಎರಡು ದಿನ ನಾನು ಅವರ ನೆರಳಾಗಿಬಿಟ್ಟೆ. ನೀರು ತಂದು ಸುರಿದೆ, ಅಳತೆಗೆ ದಾರ ಹಿಡಿದೆ, ಅವರು ಚಿತ್ರ ಬರೆಯುವಾಗ ಪುಸ್ತಕಕ್ಕೆ ಬಿಸಿಲು ಬೀಳದಂತೆ ಅಡ್ಡ ನಿಂತೆ. ಒಂದು ಉಬ್ಬು ಅವರಿಗೆ ಎಲ್ಲಕ್ಕಿಂತ ಮೆಚ್ಚಾಗಿತ್ತು. ತೆಂಗಿನ ಹೋಳಿನಷ್ಟೇ ಇದ್ದರೂ ಅದರ ಗೆರೆಗಳು ಕೂದಲೆಳೆಯಂತೆ ತೆಳ್ಳಗೆ, ಎಲ್ಲೂ ಮುರಿಯದೆ ಬಂದಿದ್ದವು. ಅದರ ಎದುರು ಅವರು ಅರ್ಧ ದಿನ ಕಳೆದರು.

ಮೂರನೆಯ ದಿನ ನಾನು ಮಾಡಿದ್ದು ಹೀಗೆ. ಅಕ್ಕೋರು ನದಿಯ ಆಚೆ ದಂಡೆ ನೋಡಲು ದೋಣಿಯಲ್ಲಿ ಹೋಗಿದ್ದರು. ಶುಕ್ರವಾರ ಮಶೀನಿನವನು ಬರುತ್ತಾನೆ, ಎಲ್ಲ ಪುಡಿಯಾಗುತ್ತದೆ ಎನ್ನುವುದು ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಅವರಿಗೆ ಮೆಚ್ಚಾದ ಆ ಒಂದು ಉಬ್ಬನ್ನಾದರೂ ಉಳಿಸಿ ಅವರ ಕೈಗೆ ಕೊಡಬೇಕು, ಅವರು ನನ್ನನ್ನು ಮರೆಯಬಾರದು. ಎರಡು ಆಸೆಗಳಲ್ಲಿ ಯಾವುದು ದೊಡ್ಡದಿತ್ತೋ ಈಗ ಹೇಳಲಾರೆ. ಅಪ್ಪನ ಉಳಿ ಸುತ್ತಿಗೆ ತಂದು, ಕಲ್ಲಿನ ಮನೆಯಲ್ಲಿ ಹುಟ್ಟಿದವಳ ಪೂರ್ತಿ ಧೈರ್ಯದಿಂದ, ಬುಡಕ್ಕೆ ಉಳಿ ಇಟ್ಟು ಹೊಡೆದೆ. ನಾಲ್ಕನೆಯ ಏಟಿಗೆ ಅದು ಎದ್ದು ಬಂತು. ಬಂದದ್ದು ಮೂರು ಹೋಳಾಗಿ. ಚಕಮಕಿಯ ಎಳೆಯ ಉದ್ದಕ್ಕೂ ಸೀಳಿತ್ತು. ಲಂಗದಲ್ಲಿ ಕಟ್ಟಿಕೊಂಡು ಮನೆಗೆ ತಂದೆ.

ಅಕ್ಕೋರು ಪಡಸಾಲೆಯಲ್ಲಿ ಬೂಟು ಬಿಚ್ಚುತ್ತಿದ್ದರು. ಅವರ ಮುಂದೆ ಹೋಳುಗಳನ್ನು ಇಟ್ಟು, "ನಿಮಗ ತಂದೇನ್ರಿ" ಎಂದೆ. ಅವರು ಬೈಯಲಿಲ್ಲ. ಒಂದು ಹೋಳನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡರು. ಮುಖ ಬಿಳಿಚಿತ್ತು. ಮುರಿದ ಅಂಚಿನ ಮೇಲೆ ಬೆರಳಾಡಿಸಿ, "ನಾನೂ ಬೇಕಂದ್ರ ಒಡೀಬಹುದಿತ್ತಲ್ಲ ನೀಲಾ" ಎಂದರು. ಅಷ್ಟೇ. ನಾನು ಓಡಿಹೋಗಿ ಜೋಳದ ಚೀಲಗಳ ಹಿಂದೆ ಕೂತೆ. ಹೊರಗೆ ಆಯಿಯ ದನಿ ಕೇಳಿತು: ಏನಾಯಿತೆಂದು ಕೇಳಿದಳು, ಅಕ್ಕೋರು ಹೇಳಿದರು. ನಂತರ ಕಲ್ಲು ತಟ್ಟುವ ಸದ್ದು, ಒಂದು ಸಲ, ಎರಡು ಸಲ. ಆಮೇಲೆ ಆಯಿ ನನ್ನನ್ನು ಕರೆದಳು. ಹೊಡೆಯುತ್ತಾಳೆಂದು ಕಾದೆ.

"ಹೋಳು ಕಟ್ಟಿಕೋ. ಎಲ್ಲಿಂದ ತಂದಿ, ಅಲ್ಲಿಗೆ ನಡಿ."

ಸಂಜೆಯ ಬಿಸಿಲಲ್ಲಿ ನಾವು ಮೂವರೂ ದಂಡೆಗೆ ಹೋದೆವು. ಸೊಂಟ ಬಾಗಿದ ಮೇಲೆ ಆಯಿ ಅತ್ತ ಬಂದಿರಲೇ ಇಲ್ಲ. ಹೋಳುಗಳನ್ನು ಇದ್ದಲ್ಲಿಯೇ ಜೋಡಿಸು ಎಂದಳು. ಜೋಡಿಸಿದೆ, ಕೂಡಲಿಲ್ಲ, ನಡುವಿನ ಚೂರುಗಳು ಏಟಿಗೆ ಹಾರಿಹೋಗಿದ್ದವು. ಮತ್ತೆ ಜೋಡಿಸಿದೆ. ಕಣ್ಣೀರು ಬಂತು. ಆಯಿ ಸಮಾಧಾನ ಮಾಡಲಿಲ್ಲ, ಗದರಿಸಲೂ ಇಲ್ಲ. ಅವಳ ಕಣ್ಣು ಕಲ್ಲಿನ ಮೇಲಿತ್ತು. ಅಕ್ಕೋರು ನೀರು ಸುರಿದು, ನನಗೆ ಹೇಳಿದ್ದನ್ನೇ ಅವಳಿಗೂ ಹೇಳಿದರು. ಆಯಿ ಕೋಲೂರಿ ಕುಕ್ಕರಗಾಲಲ್ಲಿ ಕೂತು, ಉಗುರಿನಿಂದ ಗೆರೆ ಗೆರೆಯನ್ನೂ ಮುಟ್ಟುತ್ತ ಕೇಳಿದಳು. ನಂತರ ಎದ್ದು ದಂಡೆಯ ಈ ತುದಿಯಿಂದ ಆ ತುದಿಗೆ ನಡೆದಳು, ತಿರುಗಿ ಬಂದಳು.

"ಮದುವ್ಯಾಗಿ ಬಂದಾಗಿಂದ ಇದರ ಮ್ಯಾಲ ಅರಿಬಿ ಒಗದೇನಿ," ಎಂದಳು. "ಅಕ್ಕೋರ, ಇವು ಎಲ್ಲಾ ಒಂದ ಕಡೆ ವಾಲ್ಯಾವ, ನೋಡೀರೇನು? ಗಾಳಿಗೆ ಜೋಳ ವಾಲಿದಂಗ."

ಅಕ್ಕೋರು ತಟ್ಟನೆ ಎದ್ದು ನಿಂತರು. ಚೀಲದಿಂದ ದಿಕ್ಸೂಚಿ ತೆಗೆದು ಒಂದೊಂದು ಉಬ್ಬಿನ ಹತ್ತಿರವೂ ಇಟ್ಟು ನೋಡಿದರು. ಹೊತ್ತು ಮುಳುಗುವವರೆಗೂ ನೋಡಿದರು. ಕೊನೆಗೆ ಬಂದು ಆಯಿಯ ಪಕ್ಕದಲ್ಲಿ ಧೊಪ್ಪನೆ ಕೂತರು.

"ಮೂರು ದಿನದಿಂದ ನಾ ಒಂದೊಂದನ್ನ ನೋಡಾಕತ್ತೇನ್ರಿ ಆಯಿ. ಎಲ್ಲಾ ಕೂಡಿ ನೋಡಿದ್ದಿಲ್ಲ. ಆ ಸಮುದ್ರದ ನೀರು ಯಾವ ಕಡಿಂದ ಬರತಿತ್ತು ಅನ್ನೂದು ಇದರಿಂದ ತಿಳಿತೈತಿ."

ಅವರು ಪುಸ್ತಕದಲ್ಲಿ ಬರೆದು ಓದಿ ತೋರಿಸಿದರು: ಎಲ್ಲವೂ ಒಂದೇ ಕಡೆಗೆ ವಾಲಿವೆ, ಇದನ್ನು ತೋರಿಸಿಕೊಟ್ಟವರು ಸಂಗವ್ವ. ಆಯಿಗೆ ಓದು ಬಾರದು. ನನ್ನನ್ನು ಹತ್ತಿರ ಕರೆದು, "ನನ್ನ ಹೆಸರು ಯಾವುದು?" ಎಂದಳು. ತೋರಿಸಿದೆ. ಅದರ ಮೇಲೆ ಬೆರಳಿಟ್ಟು, ತೆಗೆದು, ಆ ಬೆರಳನ್ನೇ ಒಂದು ಸಲ ನೋಡಿಕೊಂಡಳು.

ಗುರುವಾರ ಮೊದಲ ಬಸ್ಸಿಗೆ ಅಕ್ಕೋರು ಹೊರಟುಹೋದರು. ಖಡಿ ಮಶೀನಿನ ಮಾತನ್ನು ನಾವು ಯಾರೂ ಅವರಿಗೆ ಹೇಳಿರಲಿಲ್ಲ. ಅಂದಿನ ಊಟದಲ್ಲಿ ಆಯಿ ದಂಡೆ ಕೊಡುವುದಿಲ್ಲ ಎಂದಳು. ಕಾಕಾ ರೊಟ್ಟಿ ಬಿಟ್ಟು ಎದ್ದ. ಜಗಳ ತಣ್ಣಗಾಗಲೆಂದು ಅಪ್ಪ ಒಂದು ಹಾದಿ ಹುಡುಕಿದ. "ಯವ್ವಾ, ಅಂವ ಬಂದಾಗ ಕಲ್ಲು ಸುಮಾರು ಐತಿ, ಖಡಿಗೆ ಬಾಳಂಗಿಲ್ಲ ಅಂದಬಿಡು. ಬಸ್ಯಾನ ಮಾತೂ ಹೋಗೂದಿಲ್ಲ, ದಂಡಿನೂ ಉಳಿತೈತಿ."

"ಕಲ್ಲಿನ ವಿಷಯದಾಗ ನಾ ಸುಳ್ಳು ಹೇಳಂಗಿಲ್ಲ," ಎಂದಳು ಆಯಿ.

ಶುಕ್ರವಾರ ಜೀಪು ಬಂತು. ಗುತ್ತಿಗೆದಾರ ಕೆಟ್ಟವನಲ್ಲ, ಕಟ್ಟೆಯ ಮೇಲೆ ಕೂತು ಚಹಾ ಕುಡಿದು, ಮರ್ಯಾದೆಯಿಂದಲೇ ಕೇಳಿದ. "ಆಯಿ, ನಿಮ್ಮ ಮಾತು ಅಂದ್ರ ಮಾತು. ಕಲ್ಲು ಹ್ಯಾಂಗೈತ್ರಿ?"

"ಗಟ್ಟಿ ಐತಿ. ಖಡಿಗೆ ಭಾಳ ಚಲೋ ಕಲ್ಲು. ಖರೆ, ಕೊಡೂದಿಲ್ಲ."

"ಯಾಕ್ರಿ?"

"ಕೊಡೂದಿಲ್ಲಪ್ಪ."

ಕಾಕಾ ಹತ್ತು ಜನರ ಎದುರು ತಲೆ ತಗ್ಗಿಸಿ ನಿಂತದ್ದನ್ನು ನಾನು ಬಾಗಿಲ ಸಂದಿಯಿಂದ ನೋಡಿದೆ. ಆ ವಾರವೇ ಅವನು ಪಡಸಾಲೆಯ ಒಂದು ಬದಿಗೆ ಮಣ್ಣಿನ ಅಡ್ಡಗೋಡೆ ಎತ್ತಿಸಿ ಬೇರೆ ಒಲೆ ಹೂಡಿದ. ಒಂದೇ ಮಾಳಿಗೆಯಿಂದ ಎರಡು ಹೊಗೆ ಏಳತೊಡಗಿದವು. ಅವನ ಹೆಂಡತಿ ಕಾಕಿ ನನ್ನನ್ನು ಕದ್ದು ಕರೆದು ಬೆಲ್ಲ ಕೊಡುತ್ತಿದ್ದಳು. ಕಾಕಾ ಮುಖ ತಿರುಗಿಸುತ್ತಿದ್ದ. ಮುಂದೆ ಅವನು ಇಳಕಲ್ಲಿಗೆ ಹೋಗಿ ಗ್ರಾನೈಟ್ ಪಾಲಿಶ್ ಮಾಡುವಲ್ಲಿ ಕೆಲಸಕ್ಕೆ ಸೇರಿ, ಅಲ್ಲಿಯೇ ಮನೆ ಮಾಡಿದ. ಅವ್ವ ಇನ್ನೂ ಎಷ್ಟೋ ವರ್ಷ ಸುಣ್ಣ ಅರಳಿಸಿದಳು. ಮಾರುಕಟ್ಟೆಗೆ ಬಣ್ಣದ ಡಬ್ಬಿಗಳು ಬಂದು ಭಟ್ಟಿ ತಾನಾಗಿ ತಣ್ಣಗಾದಾಗಲೇ ಅವಳ ಕೈಯ ಬಿರುಕು ಕೂಡಿಕೊಂಡಿದ್ದು. ಆಯಿಯನ್ನು ನೆನೆದಾಗ ಎದೆ ಉಬ್ಬುತ್ತದೆ; ಜತೆಗೇ ಅವ್ವನ ಅಂಗೈ ಕಣ್ಣಿಗೆ ಬರುತ್ತದೆ. ಎರಡನ್ನೂ ಬೇರೆ ಮಾಡಲು ನನಗೆ ಬಂದಿಲ್ಲ.

ಅಕ್ಕೋರು ಮರುವರ್ಷ ಹುಡುಗ ಹುಡುಗಿಯರನ್ನು ಕರೆದುಕೊಂಡು ಬಂದರು, ಆಮೇಲೆ ಪ್ರತಿ ವರ್ಷ. ಆಯಿ ಕೋಲೂರಿಕೊಂಡು ಅವರೊಡನೆ ದಂಡೆಗೆ ಹೋಗಿ, ಮೊದಲು ಎಲ್ಲರನ್ನೂ ಸುಮ್ಮನೆ ನಿಲ್ಲಿಸಿ, "ಕೂಡಿ ನೋಡ್ರಿ" ಎನ್ನುತ್ತಿದ್ದಳು. ನಾನು ಹುನಗುಂದದಲ್ಲಿ ವಿಜ್ಞಾನದ ಶಿಕ್ಷಕಿಯಾದೆ. ಮೊದಲ ವರ್ಷವೇ ನನ್ನ ಸಾಲೆಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು, ನಾನು ಒಡೆದ ಜಾಗವನ್ನು ತೋರಿಸಿ, ಒಡೆದವಳು ನಾನೇ ಎಂದು ಹೇಳಿದೆ. ನಿವೃತ್ತಿಯಾಗುವವರೆಗೂ ಪ್ರತಿ ತಂಡಕ್ಕೂ ಹೇಳಿದ್ದೇನೆ. ಹೇಳುವಾಗಲೆಲ್ಲ ನಾಚಿಕೆ ಸ್ವಲ್ಪವೂ ಹಳತಾಗಿರುತ್ತಿರಲಿಲ್ಲ.

ಈಗ ಅಣೆಕಟ್ಟಿನ ಹಿನ್ನೀರು ಮಳೆಗಾಲದಿಂದ ಚಳಿಗಾಲದ ಕೊನೆಯವರೆಗೂ ದಂಡೆಯನ್ನು ಮುಚ್ಚಿರುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಕಲ್ಲು ತೊಳೆದಿಟ್ಟಂತೆ ಎದ್ದು ಬರುತ್ತದೆ. ಕಾಕಾ ಹಬ್ಬಕ್ಕೆ ಊರಿಗೆ ಬರುತ್ತಿದ್ದ, ಉಂಡು ಹೋಗುತ್ತಿದ್ದ. ಆದರೆ ಒಂದು ದಿನವೂ ಹೊಲದ ಆ ಕೊನೆಗೆ ಕಾಲಿಡಲಿಲ್ಲ. ಯಾರು ಆ ಕಲ್ಲಿನ ಮಾತೆತ್ತಿದರೂ ಎದ್ದು ಹೊರಗೆ ಹೋಗುತ್ತಿದ್ದ. ಈ ವರ್ಷ ಯುಗಾದಿಯ ದಿನ, ಬೇವು ಬೆಲ್ಲದ ಬಟ್ಟಲು ಕೆಳಗಿಟ್ಟು, ತಾನಾಗಿಯೇ ಕೇಳಿದ.

"ನೀಲಾ, ನನ್ನ ಒಂದ್ಸಲ ಆ ದಂಡಿಗೆ ಕರಕೊಂಡು ಹೋಗ್ತೀಯೇನ?"

ಎಂಬತ್ತು ದಾಟಿದ ಕಾಕಾನನ್ನು ಕೈ ಹಿಡಿದು ನಡೆಸಿಕೊಂಡು ಹೋದೆ. ದಾರಿಯಲ್ಲಿ, ಕೇಳದೆಯೇ, ಅವನೊಂದು ಮಾತು ಹೇಳಿದ. ಬೇರೆ ಒಲೆ ಹೂಡಿದ ದಿನ ಆಯಿ ಅವನ ಬಾಗಿಲಿಗೆ ಬಂದಿದ್ದಳಂತೆ. ಒಳಗೆ ಬರಲಿಲ್ಲವಂತೆ.

"ನಿನ್ನ ಮಾತು ಏನೂ ತಪ್ಪಿಲ್ಲೋ ಬಸ್ಯಾ, ಅಂದ್ಲು. ಯಾಕ ಕೊಡಲಿಲ್ಲಂತ ಕೇಳಿದ್ರ ನನಗೂ ಪೂರಾ ಹೇಳಾಕ ಬರಂಗಿಲ್ಲ, ನೋಡಿದಮ್ಯಾಲ ಒಡಸಾಕ ಮನಸು ಬರಲಿಲ್ಲ, ನೀನೂ ಒಂದ್ಸಲ ಹೋಗಿ ನೋಡಿ ಬಾ, ಅಂದ್ಲು. ನಾ ಹೋಗಲಿಲ್ಲ. ಹೋದ್ರ ಸಿಟ್ಟು ಹೋಗಿಬಿಡತೈತಿ ಅಂತ ಅಂಜಿಕಿ ಇತ್ತು ನನಗ."

ದಂಡೆ ಮುಟ್ಟಿದಾಗ ನಾನು ಬಾಟಲಿಯ ನೀರು ಸುರಿದೆ. ಕಾಕಾನ ಒಂದು ಕಣ್ಣಿಗೆ ಪೊರೆ ಬಂದಿದೆ. ಅವನು ನನ್ನ ಭುಜ ಹಿಡಿದು ಮೆಲ್ಲಗೆ ಮಂಡಿಯೂರಿ, ಮುಖವನ್ನು ಕಲ್ಲಿನ ತೀರ ಹತ್ತಿರ ತಂದ. ಗ್ರಾನೈಟು ಉಜ್ಜಿ ನಯವಾದ ಅಂಗೈಯನ್ನು ಒಂದು ಉಬ್ಬಿನ ಮೇಲೆ ಇಟ್ಟು, ಗೆರೆಗಳ ಗುಂಟ ಸುತ್ತಿಸಿದ. ಇನ್ನೊಂದಕ್ಕೆ ಸರಿದ. ಮತ್ತೊಂದಕ್ಕೆ. ಬಿಸಿಲು ಏರುತ್ತಿತ್ತು, ಎರಡು ಸಲ ಏಳು ಎಂದೆ, ಕೇಳಲಿಲ್ಲ.

"ಏ ನೀಲಾ," ಎಂದ ಕೊನೆಗೆ, ತಲೆ ಎತ್ತದೆಯೇ, "ಇಷ್ಟ ಚಂದ ಐತಿ ಅಂತ ನನಗ ಯಾರೂ ಹೇಳಲೇ ಇಲ್ಲಲ್ಲವಾ?"

ಆಯಿ ಹೇಳಿದ್ದಳು. ಅಪ್ಪ, ಕಾಕಿ, ನಾನು, ಅವನ ಮಕ್ಕಳು, ಮೊಮ್ಮಕ್ಕಳು, ಎಲ್ಲರೂ ಹೇಳಿ ಹೇಳಿ ಸಾಕಾಗಿ ಬಿಟ್ಟಿದ್ದೆವು. ಸೆರಗನ್ನು ಅವನ ತಲೆಗೆ ಬಿಸಿಲು ಬೀಳದಂತೆ ಅಡ್ಡ ಹಿಡಿದು, ಬಾಟಲಿಯಲ್ಲಿ ಉಳಿದಿದ್ದ ನೀರನ್ನು ಮುಂದಿನ ಕಲ್ಲಿನ ಮೇಲೆ ಸುರಿದೆ.